ಪುಸ್ತಕದ ಬದನೆಕಾಯಿ

‘ಪುಸ್ತಕದ ಬದನೆಕಾಯಿ’ ಎಂಬ ಮಾತನ್ನು ಸುಮಾರು ಮೂವತ್ತು ವರ್ಷ ತರಗತಿಯಲ್ಲಿ ಆಡಿದವನು ನಾನು. ಬಡ್ಡಿಲೆಕ್ಕದ ಸೂತ್ರವನ್ನು ಗಿಳಿಯಂತೆ ಒಪ್ಪಿಸಿ, ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ ತಡವರಿಸುವ ಮಕ್ಕಳಿಗೆ ಅದನ್ನು ಹೇಳಿ ನಗಿಸುತ್ತಿದ್ದೆ. ಬದನೆ ತಿನ್ನಬಾರದೆಂದು ಸಭೆಯಲ್ಲಿ ಪುರಾಣ ಹೇಳಿ, ಮನೆಗೆ ಬಂದು ‘ಬದನೆಯ ಹುಳಿ ಎಲ್ಲಿ?’ ಎಂದು ಹೆಂಡತಿಯನ್ನು ಕೇಳಿದ ಪುರಾಣಿಕರ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನನ್ನಾಕೆ ಮದುವೆಯಾಗಿ ಬಂದ ಹೊಸತರಲ್ಲಿ ಈ ಕಥೆ ಕೇಳಿ ನಕ್ಕು, ತಮ್ಮ ಕಡೆ ಇಂಥ ಮಾತಿಗೆ ಬದನೆಯಲ್ಲ, ದನ ಎಂದಳು. ‘ಏಟ್ಟಿಲೆ ಪಶು ಪುಲ್ಲು ತಿನ್ನಿಲ್ಲ.’ ಓಲೆಯ ಗ್ರಂಥದೊಳಗಿನ ದನ ಹುಲ್ಲು ತಿನ್ನುವುದಿಲ್ಲ. ಕನ್ನಡದ ಬದನೆಯೂ ಮಲಯಾಳದ ದನವೂ ಒಂದು ದಿನ ನಮ್ಮ ಮನೆಯ ಕಿಟಕಿದಂಡೆಯ ಮೇಲೆ ಒಂದೇ ವಸ್ತುವಾಗಿ ನಿಂತಾವು ಎಂದು ಆಗ ಯಾರು ಎಣಿಸಿದ್ದರು!

ನಾನು ಈಗ ಹೇಳಹೊರಟದ್ದು ಜಪಾನಿನ ಒಂದು ಬದನೆ ಅಡಿಗೆಯ ವಿಷಯ. ಎಪ್ಪತ್ತು ತುಂಬಿದ ಮೇಲೆ, ಬದಿಯಡ್ಕದಿಂದ ಎರಡು ಮೈಲು ಒಳಗಿರುವ ನಮ್ಮ ಮನೆಯಲ್ಲಿ, ದೋಸೆಯ ಕಾವಲಿಯ ಮೇಲೆ ನಾನು ಅದನ್ನು ಮಾಡಲು ಕಲಿತೆ. ಅದಕ್ಕೆ ಮೊದಲು ಚಾಯ ಬಿಟ್ಟರೆ ಬೇರೇನನ್ನೂ ಒಲೆಯ ಮೇಲೆ ಇಟ್ಟವನಲ್ಲ.

ನನ್ನಾಕೆಯ ತವರು ಪಯ್ಯನ್ನೂರಿನ ಕಡೆ, ಮನೆಮಾತು ಮಲಯಾಳ. 1979ರಲ್ಲಿ ಅವಳು ಚಂದ್ರಗಿರಿ ಹೊಳೆ ದಾಟಿ ನಮ್ಮ ಮನೆಗೆ ಬಂದಾಗ ಕನ್ನಡದ ಒಂದಕ್ಷರವೂ ಗೊತ್ತಿರಲಿಲ್ಲ. ಯಾವ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತ್ತೋ ಅದೇ ಹೊಳೆ. ವರದಿ ಕಾಗದದಲ್ಲಿಯೇ ಉಳಿಯಿತು. ಇವಳು ಮಾತ್ರ ದಾಟಿ ಬಂದಳು. ಎರಡೇ ವರ್ಷದಲ್ಲಿ ನನ್ನ ತಾಯಿಯ ಜತೆ ಕನ್ನಡದಲ್ಲಿ ವಾದ ಮಾಡುವಷ್ಟಾದಳು. ಮಗಳು ಒಂದನೆಯ ತರಗತಿಗೆ ಸೇರಿದಾಗ ಅವಳ ಪಕ್ಕದಲ್ಲಿಯೇ ಕೂತು ಅ ಆ ಇ ಈ ತಿದ್ದಿದಳು. ಆಮೇಲೆ ನಾನು ತರುತ್ತಿದ್ದ ವಾರಪತ್ರಿಕೆಯ ಧಾರಾವಾಹಿಯನ್ನು ನನಗಿಂತ ಮೊದಲೇ ಓದಿ, ಕಥೆ ಮುಂದೇನಾಗುತ್ತದೆಂದು ಹೇಳಿ ನನ್ನ ರಸಭಂಗ ಮಾಡುತ್ತಿದ್ದಳು. ಒಂದು ಮಾತು ಮಾತ್ರ ಅವಳ ನಾಲಿಗೆಯಲ್ಲಿ ಕೊನೆಯ ತನಕ ನೇರ್ಪಾಗಲಿಲ್ಲ. ಯಾರು ಮೆಟ್ಟಲು ಹತ್ತಿ ಬಂದರೂ ‘ಊಟ ಕಯಿಞ್ಞಾ?’ ಎಂದೇ ಕೇಳುವಳು. ಊಟ ನಮ್ಮದು, ಕಯಿಞ್ಞಾ ಅವರದು. ‘ಊಟ ಆಯಿತೇ ಎನ್ನು’ ಎಂದು ನಾನು ಮೇಷ್ಟ್ರ ಗತ್ತಿನಲ್ಲಿ ನಲವತ್ತಮೂರು ವರ್ಷ ತಿದ್ದಿದೆ.

ನಾನು ಮಲಯಾಳ ಮಾತಾಡುತ್ತೇನೆ. ಕಾಸರಗೋಡಿನಲ್ಲಿ ಹುಟ್ಟಿ ಮಾತಾಡದವರು ಯಾರು? ಆದರೆ ಅಕ್ಷರ ಕಲಿಯಲಿಲ್ಲ. ಬಸ್ಸಿನ ಬೋರ್ಡನ್ನು ಅದರ ಆಕಾರದಿಂದ ಗುರುತು ಹಿಡಿಯುವಷ್ಟು ಬಿಟ್ಟರೆ ಮುಂದೆ ಹೋಗಲಿಲ್ಲ. ಕಚೇರಿಯ ಕಾಗದ ಬಂದರೆ ಆಕೆ ಓದಿ ಹೇಳುವಳು, ನಾನು ಸಹಿ ಹಾಕುವೆ. ಪುರುಸೊತ್ತು ಇಲ್ಲದೆ ಅಲ್ಲ, ಅದೊಂದು ಹಟ. ಓದಲು ಕಲಿತರೆ ಸೋಲನ್ನು ಒಪ್ಪಿಕೊಂಡಂತೆ ಎಂದು ನನ್ನೊಳಗೆ ಯಾರೋ ಹೇಳುತ್ತಿದ್ದರು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಮನವಿ ಹಿಡಿದು ಕಾಸರಗೋಡಿಗೆ ಹೋದವರಲ್ಲಿ ನಾನೂ ಒಬ್ಬ. ಆ ದಿನ ಬುತ್ತಿ ಕಟ್ಟಿಕೊಟ್ಟವಳೂ ಅವಳೇ. ‘ಬಿಸಿಲಲ್ಲಿ ಹೆಚ್ಚು ನಿಲ್ಲಬೇಡಿ, ಪ್ರೆಶರ್ ಉಂಟು’ ಎಂದಳು. ಅಷ್ಟೇ.

ನಮಗೆ ಒಬ್ಬಳೇ ಮಗಳು. ಇಂಜಿನಿಯರಿಂಗ್ ಓದಿ, ಕೆಲಸದ ಮೇಲೆ ಜಪಾನಿಗೆ ಹೋದಳು. 2015ರಲ್ಲಿ ಅಲ್ಲಿಯವನನ್ನೇ ಮದುವೆಯಾಗುತ್ತೇನೆಂದು ಫೋನ್ ಮಾಡಿದಾಗ ನಾನು ಹೇಳಿದ ಮಾತು ಇಷ್ಟು: ‘ನಮ್ಮ ಮನೆಯ ಕನ್ನಡ ನಿನಗೆ ಮುಗಿಯಿತು.’ ಮದುವೆಗೆ ಹೋಗಲಿಲ್ಲ. ಅಳಿಯ ಒಮ್ಮೆ ಫೋನಿಗೆ ಬಂದು ಏನೋ ಹೇಳಿದ. ನಾನು ರಿಸೀವರನ್ನು ಆಕೆಯ ಕೈಗೆ ಕೊಟ್ಟೆ. 2018ರಲ್ಲಿ ಮಗಳ ಹೆರಿಗೆಗೆ ಬನ್ನಿರೆಂದು ಇಬ್ಬರಿಗೂ ಕರೆ ಬಂತು. ನಾನು ತೋಟದ ನೆಪ ಹೇಳಿದೆ. ಅರುವತ್ತು ದಾಟಿದ ಹೆಂಗಸು, ಅದುವರೆಗೆ ವಿಮಾನ ಹತ್ತದವಳು, ಒಬ್ಬಳೇ ಮಂಗಳೂರಿನಿಂದ ಹೊರಟು ಎರಡು ಕಡೆ ವಿಮಾನ ಬದಲಿಸಿ ಯೊಕೊಹಾಮಾ ಮುಟ್ಟಿದಳು. ಮೂರು ತಿಂಗಳು ಇದ್ದು, ಬಾಣಂತನ ಮುಗಿಸಿ, ಆಗಸ್ಟ್ ಕೊನೆಗೆ ಬಂದಳು.

ಬರುವಾಗ ತಂದದ್ದು ಮೊಮ್ಮಗಳ ಫೋಟೋ, ಒಂದು ನೋಟು ಪುಸ್ತಕ, ಕಂದು ಬಣ್ಣದ ಮೆತ್ತಗಿನ ಪದಾರ್ಥದ ಒಂದು ಕಟ್ಟು. ಆ ಪದಾರ್ಥದ ಹೆಸರು ಮಿಸೊ. ಬೇಯಿಸಿ ಅರೆದ ಸೋಯಾ ಅವರೆಗೆ ಉಪ್ಪು, ಮತ್ತೆ ಕೋಜಿ ಎಂಬುದನ್ನು ಸೇರಿಸಿ ತಿಂಗಳುಗಟ್ಟಲೆ ಹುದುಗಿಸಿದ್ದು. ಕೋಜಿ ಎಂದರೆ ಬೇಯಿಸಿದ ಅಕ್ಕಿಯ ಮೇಲೆ ಒಂದು ಬಗೆಯ ಬೂಷ್ಟನ್ನು ಬೇಕೆಂದೇ ಬೆಳೆಸಿದ್ದು. ‘ನಮ್ಮ ಉಪ್ಪುಸೊಳೆಯ ಭರಣಿ ಇದ್ದ ಹಾಗೆ, ಅವರದ್ದು ಅವರೆಯ ಭರಣಿ’ ಎಂದು ಆಕೆ ವಿವರಿಸಿದಳು. ಬೂಷ್ಟು ಎಂಬ ಶಬ್ದ ಕೇಳಿದ್ದೇ ತಡ, ನಾನು ಅದರ ಹತ್ತಿರ ಸುಳಿಯಲಿಲ್ಲ.

ಬಂದ ನಾಲ್ಕನೆಯ ದಿನ ರಾತ್ರಿ ನನ್ನ ಬಟ್ಟಲಲ್ಲಿ ಅರ್ಧಕ್ಕೆ ಸೀಳಿದ ಒಂದು ಬದನೆ ಮಲಗಿತ್ತು. ಮೇಲೆಲ್ಲ ಅರಗು ಬಳಿದಂತೆ ಮಿರಿಮಿರಿ ಮಿಂಚು, ಎಳ್ಳು ಉದುರಿಸಿತ್ತು. ಅಲ್ಲಿ ಬದನೆಗೆ ನಾಸು ಎನ್ನುತ್ತಾರೆಂದೂ, ಈ ಅಡಿಗೆಗೆ ದೆಂಗಾಕು ಎನ್ನುತ್ತಾರೆಂದೂ ಹೇಳಿದಳು. ದೆಂಗಾಕು ಎಂದರೆ ಗದ್ದೆಯ ಹಾಡು-ಕುಣಿತ. ನಾಟಿಯ ಕಾಲಕ್ಕೆ ಹಿಂದೆ ಅಲ್ಲಿ ಕುಣಿಯುತ್ತಿದ್ದವರಲ್ಲಿ ಒಬ್ಬ ಒಂಟಿ ಮರಗಾಲಿನ ಮೇಲೆ ನೆಗೆಯುತ್ತಿದ್ದನಂತೆ. ಸೋಯಾ ಹಾಲಿನ ಗಟ್ಟಿಯನ್ನು ಕಡ್ಡಿಗೆ ಚುಚ್ಚಿ ಮಿಸೊ ಬಳಿದು ಸುಟ್ಟದ್ದು ಆ ಕುಣಿತದವನ ಹಾಗೆ ಕಂಡಿತೆಂದು ಅಡಿಗೆಗೆ ಆ ಹೆಸರು ಬಂತು. ಮೆಲ್ಲನೆ ಬದನೆಗೂ ದಾಟಿತು. ‘ನಮ್ಮಲ್ಲಿಯೂ ನಾಟಿಗೆ ಓ ಬೇಲೆ ಹಾಡುತ್ತಿದ್ದರಲ್ಲ, ಹಾಡಿನ ಹೆಸರಿನಲ್ಲಿ ಒಂದು ಪದಾರ್ಥ ಯಾಕೆ ಮಾಡಲಿಲ್ಲ ನಾವು?’ ಎಂದು ಕೇಳಿದಳು. ಇನ್ನೂ ಏನೇನೋ ಹೇಳುತ್ತಿದ್ದಳು. ಶರತ್ಕಾಲದ ಬದನೆಯನ್ನು ಸೊಸೆಗೆ ತಿನ್ನಲು ಕೊಡಬೇಡ ಎಂದು ಅಲ್ಲಿ ಗಾದೆಯಿದೆಯಂತೆ. ಅಷ್ಟು ರುಚಿಯಾದದ್ದು ಸೊಸೆಗೇಕೆ ಎಂಬ ಅತ್ತೆಯ ಲೋಭವೆಂದು ಕೆಲವರು, ಬದನೆ ಮೈಗೆ ತಂಪು, ಬಸುರಿ ಸೊಸೆಗೆ ಆಗದು ಎಂಬ ಕಾಳಜಿಯೆಂದು ಕೆಲವರು ಅರ್ಥ ಹೇಳುತ್ತಾರಂತೆ. ‘ಅತ್ತೆ ಇದ್ದಿದ್ದರೆ ಯಾವ ಅರ್ಥ ಹೇಳುತ್ತಿದ್ದರೋ’ ಎಂದು ನಕ್ಕಳು.

ನಾನು ನಗಲಿಲ್ಲ. ‘ಇದೆಲ್ಲ ನಿನ್ನ ಅಳಿಯನಿಗೆ ಮಾಡಿ ಹಾಕು’ ಎಂದು ಬಟ್ಟಲನ್ನು ಅತ್ತ ಸರಿಸಿ ಮಜ್ಜಿಗೆ ಅನ್ನ ಉಂಡು ಎದ್ದೆ. ಆಕೆ ಏನೂ ಹೇಳಲಿಲ್ಲ. ಆಮೇಲೆಯೂ ಆಗಾಗ ಅಡಿಗೆಮನೆಯಿಂದ ಆ ವಾಸನೆ ಬರುವುದಿತ್ತು. ತನಗಷ್ಟಕ್ಕೆ ಮಾಡಿಕೊಳ್ಳುತ್ತಾಳೆಂದು ಎಣಿಸಿದ್ದೆ.

2022ರ ಡಿಸೆಂಬರಿನಲ್ಲಿ ಆಕೆ ಹೋದಳು. ಬೆಳಿಗ್ಗೆ ಎದೆನೋವೆಂದಳು, ಮಧ್ಯಾಹ್ನಕ್ಕೆ ಇರಲಿಲ್ಲ. ಮಗಳೊಬ್ಬಳೇ ಬಂದು ಹದಿನೈದು ದಿನವಿದ್ದು ಹೋದಳು. ಹೊರಡುವಾಗ, ‘ವರ್ಷಾಂತಕ್ಕೆ ಮೂವರೂ ಬರುತ್ತೇವೆ ಅಪ್ಪ, ನೀವು ಬೇಡವೆಂದರೂ’ ಎಂದಳು. ನಾನು ಬೇಡವೆನ್ನಲಿಲ್ಲ. ಬನ್ನಿ ಎನ್ನಲೂ ಬಾಯಿ ಬರಲಿಲ್ಲ.

ಮಳೆಗಾಲ ಕಳೆದು ಫ್ರಿಜ್ಜು ತೊಳೆಯುವಾಗ ಹಿಂದಿನ ಮೂಲೆಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ಆ ವರ್ಷದ ಆರಂಭದಲ್ಲಿ ಮಗಳು ಯಾರದೋ ಕೈಯಲ್ಲಿ ಕಳುಹಿಸಿದ್ದ ಎರಡನೆಯ ಕಟ್ಟಿನ ಮಿಸೊ. ಅರ್ಧ ಮುಗಿದಿತ್ತು. ಬಣ್ಣ ಕಪ್ಪಿಗೆ ತಿರುಗಿತ್ತು. ಎಸೆಯಲು ಹೊರಟವನು ಯಾಕೋ ಮಗಳಿಗೆ ಫೋನ್ ಮಾಡಿದೆ. ‘ಹಾಳಾಗುವುದಿಲ್ಲ ಅಪ್ಪ, ಅಷ್ಟು ಉಪ್ಪಿದೆ. ಹಳತಾದಷ್ಟು ಕಪ್ಪಾಗುತ್ತದೆ, ರುಚಿ ಗಟ್ಟಿಯಾಗುತ್ತದೆ. ಅಮ್ಮನ ಪುಸ್ತಕದಲ್ಲಿ ಮಾಡುವ ಕ್ರಮ ಇರಬೇಕು’ ಎಂದಳು. ಸ್ವಲ್ಪ ತಡೆದು, ‘ನಿಮ್ಮ ಅಳಿಯನಿಗೆ ಅಮ್ಮ ಮಾಡಿದ್ದು ತುಂಬ ಇಷ್ಟ, ಅವನ ತಾಯಿ ಮಾಡಿದ್ದಕ್ಕಿಂತಲೂ’ ಎಂದು ಸೇರಿಸಿದಳು.

ಪುಸ್ತಕ ಸಿಕ್ಕಿತು. ತೆರೆದು ನೋಡಿದರೆ ಆರಂಭದ ಹಾಳೆಗಳಲ್ಲಿ ಕನ್ನಡದಲ್ಲಿ ಹಾಲಿನ ಲೆಕ್ಕ. ಜಪಾನಿನ ಅಡಿಗೆಯೆಲ್ಲ ಮಲಯಾಳದಲ್ಲಿ. ಹೊಸ ಊರಿನಲ್ಲಿ, ಕಿವಿಗೆ ಬಿದ್ದದ್ದನ್ನು ಗಡಿಬಿಡಿಯಲ್ಲಿ ಬರೆದುಕೊಳ್ಳುವಾಗ ಕೈ ತನ್ನ ಮೊದಲ ಅಕ್ಷರಕ್ಕೇ ಹೋಗಿದೆ. ಮೂವತ್ತು ವರ್ಷ ಅಕ್ಷರ ಕಲಿಸಿದ ನಾನು ಹೆಂಡತಿಯ ಕೈಬರಹದ ಎದುರು ನಿರಕ್ಷರಕುಕ್ಷಿಯಾಗಿ ಕೂತೆ.

ನೆರೆಮನೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಅವರ ಮನೆಮಾತು ತುಳು. ಅವಳನ್ನು ಕನ್ನಡ ಶಾಲೆ ಬಿಡಿಸಿ ಮಲಯಾಳ ಮಾಧ್ಯಮಕ್ಕೆ ಹಾಕಿದ್ದಕ್ಕೆ ನಾನು ಅವಳ ಅಪ್ಪನೊಡನೆ ಒಂದು ವರ್ಷ ನೆಟ್ಟಗೆ ಮಾತಾಡಿರಲಿಲ್ಲ. ಈಗ ಬೇಲಿಯ ಹತ್ತಿರ ನಿಂತು ಅವಳನ್ನೇ ಕರೆದೆ. ‘ಎಂತ ಮಾಷೇ?’ ಎಂದು ಓಡಿ ಬಂದಳು. ಜಗಲಿಯಲ್ಲಿ ಕೂತು ಒಂದೊಂದೇ ಸಾಲು ಓದಿದಳು. ನಾನು ಕನ್ನಡದಲ್ಲಿ ಬರೆದುಕೊಂಡೆ.

ನೇರಳೆ ಬಣ್ಣದ ಉದ್ದ ಬದನೆ ಎರಡು. ತೊಟ್ಟು ಸಮೇತ ಉದ್ದಕ್ಕೆ ಸೀಳಬೇಕು. ತಿರುಳಿನ ಮೇಲೆ ಚೂರಿಯಿಂದ ಅಡ್ಡಡ್ಡ, ಓರೆಯೋರೆ ಗೀರಬೇಕು, ಸಿಪ್ಪೆಗೆ ಮುಟ್ಟಬಾರದು. ಹತ್ತು ನಿಮಿಷ ನೀರಿನಲ್ಲಿ ಬಿಟ್ಟು ಒರಸಬೇಕು. ಎಣ್ಣೆ ಸವರಿ ತಿರುಳಿನ ಮಗ್ಗುಲು ಕೆಳಗೆ ಮಾಡಿ ಬೇಯಿಸಬೇಕು, ಮತ್ತೆ ಮಗುಚಬೇಕು. ಮಿಸೊ ಮೂರು ಚಮಚ, ಸಕ್ಕರೆ ಎರಡು, ಮಿರಿನ್ ಎರಡು, ಸಾಕೆ ಒಂದು. ಸಣ್ಣ ಬೆಂಕಿಯಲ್ಲಿ ಹೊಳಪು ಬರುವ ತನಕ ಕೈಯಾಡಿಸಬೇಕು. ಬದನೆಯ ಮೇಲೆ ಬಳಿದು, ಮೇಲಿನಿಂದ ಬೆಂಕಿ ತೋರಿಸಬೇಕು. ಕೊನೆಗೆ ಎಳ್ಳು.

‘ಸಾಕೆ ಅಂದರೆ ಎಂತ ಮಾಷೇ, ಸಾಕೇ ಎಂದು ಕೇಳುವುದಾ?’ ಎಂದಳು ಹುಡುಗಿ. ಮಗಳನ್ನು ಕೇಳಿದರೆ ಅದು ಅಕ್ಕಿಯ ಮದ್ಯ. ಮಿರಿನ್ ಅದಕ್ಕಿಂತ ಸಿಹಿಯಾದ ಇನ್ನೊಂದು ಬಗೆ. ಕೇರಳದಲ್ಲಿ ಮದ್ಯಕ್ಕೆ ಬರವಿಲ್ಲ, ನಿಜ. ಆದರೆ ನಿವೃತ್ತ ಕನ್ನಡ ಮೇಷ್ಟ್ರು ಕಳ್ಳಿನ ಶಾಪಿನ ಮುಂದೆ ತಂಬಿಗೆ ಹಿಡಿದು ನಿಂತರೆ ಊರಿಗೆ ಒಂದು ವರ್ಷಕ್ಕಾಗುವಷ್ಟು ಮಾತು ಸಿಕ್ಕುತ್ತಿತ್ತು. ಆಕೆಯ ಪುಸ್ತಕದಲ್ಲಿಯೇ ಪರಿಹಾರವಿತ್ತು: ‘ಇಲ್ಲಿ ಸಿಗದಿದ್ದರೆ ಓಲೆಬೆಲ್ಲದ ನೀರು.’ ಕಳ್ಳಿನ ಮರದ್ದೇ ಸಿಹಿ, ಅಮಲು ಮಾತ್ರ ಕಳೆದದ್ದು. ಅವಳ ಬುದ್ಧಿಗೆ ಮನಸ್ಸಿನಲ್ಲಿಯೇ ತಲೆಬಾಗಿದೆ.

ಮೊದಲ ಸಲ ಮಾಡಿದ್ದು ಹೇಳಲಿಕ್ಕಿಲ್ಲ. ಅಂಗಡಿಯಲ್ಲಿ ಸಿಕ್ಕಿದ ಹಸಿರು ಮುಳ್ಳುಬದನೆ ತಂದೆ. ಒಳಗೆಲ್ಲ ಬಲಿತ ಬೀಜ. ಗೀರುವುದು ಯಾಕೆಂದು ತಿಳಿಯದೆ ಎರಡು ಗೆರೆ ಎಳೆದು ಬಿಟ್ಟೆ. ಕಾವಲಿಗೆ ಎಣ್ಣೆ ಹೊಯ್ದರೆ ಬದನೆ ಅದನ್ನು ಬತ್ತಿಯಂತೆ ಹೀರಿತು. ಮತ್ತೆ ಹೊಯ್ದೆ, ಅದನ್ನೂ ಹೀರಿತು. ಅವಸರದಲ್ಲಿ ಮಿಸೊವಿನ ಪಾಕ ಬಳಿದು ಬೆಂಕಿ ಏರಿಸಿದೆ. ಎರಡು ನಿಮಿಷದಲ್ಲಿ ಬೆಲ್ಲ ಹೊತ್ತಿ ಮನೆತುಂಬ ಹೊಗೆ. ಮೇಲೆ ಇದ್ದಿಲು, ಎರಡನೆಯ ಪದರದಲ್ಲಿ ಎಣ್ಣೆ, ಒಳಗೆ ಹಸಿ. ಬೇಲಿಯಾಚೆಯಿಂದ ಹುಡುಗಿಯ ಅಪ್ಪ, ಒಂದು ವರ್ಷದ ಮೌನ ಮುರಿದು, ‘ಮಾಷೇ, ಬೆಂಕಿ ಬಿತ್ತಾ?’ ಎಂದು ಕೂಗಿದ.

ಆಮೇಲೆ ಕೂತು ಯೋಚಿಸಿದೆ. ಬದನೆಯ ತಿರುಳು ಹತ್ತಿಯ ಹಾಗೆ, ಒಳಗೆಲ್ಲ ಗಾಳಿ. ಹಸಿಯಿರುವಾಗ ಎಷ್ಟು ಎಣ್ಣೆ ಕೊಟ್ಟರೂ ಕುಡಿಯುತ್ತದೆ. ಮುಚ್ಚಿ, ಸಣ್ಣ ಉರಿಯಲ್ಲಿ ಅದರ ಆವಿಯಲ್ಲಿಯೇ ಬೇಯಲು ಬಿಟ್ಟರೆ ಗಾಳಿ ಕುಸಿದು ಬೆಣ್ಣೆಯಂತಾಗುತ್ತದೆ. ಗೀರುವುದು ಚಂದಕ್ಕಲ್ಲ; ಶಾಖ ಒಳಗಿಳಿಯಲಿ, ಆಮೇಲೆ ಪಾಕವೂ ಇಳಿಯಲಿ ಎಂದು. ಪಾಕ ಕೊನೆಯದು. ಅದರಲ್ಲಿ ಸಿಹಿಯಿದೆ, ಸಿಹಿ ಬೇಗ ಹೊತ್ತುತ್ತದೆ. ಬದನೆ ಪೂರ್ತಿ ಬೆಂದ ಮೇಲೆ ಬಳಿದು, ನೊರೆಗುಟ್ಟುವಷ್ಟು ಹೊತ್ತು, ಅಂದರೆ ಎರಡು ಮೂರು ನಿಮಿಷ, ಮೇಲಿನ ಬೆಂಕಿ ಸಾಕು. ನಮ್ಮಲ್ಲಿ ಮೇಲಿನಿಂದ ಬೆಂಕಿ ತೋರಿಸುವ ಒಲೆಯಿಲ್ಲ. ಹಳೆಯ ಕಬ್ಬಿಣದ ಮುಚ್ಚಳವನ್ನು ಕಾವಲಿಯ ಮೇಲಿಟ್ಟು ಅದರ ಮೇಲೆ ಗೆರಟೆಯ ಕೆಂಡ ಹರಡಿದೆ. ಜಪಾನಿನಲ್ಲಿಯೂ ಹಿಂದೆ ಇದು ಕೆಂಡದ ಅಡಿಗೆಯೇ. ಎರಡನೆಯ ಸಲ ಕುಂಬಳೆಯ ಸಂತೆಯಿಂದ ನೇರಳೆ ಬದನೆ ತಂದು ಹೀಗೆ ಮಾಡಿದೆ. ಈರ್ಕಿಲಿನಿಂದ ಚುಚ್ಚಿದರೆ ಸಲೀಸಾಗಿ ಇಳಿಯಿತು. ಕ್ಯೋಟೋ ಎಂಬಲ್ಲಿ ಕಮೊ ಎಂಬ ದುಂಡು ಬದನೆಯನ್ನು ದಪ್ಪ ಬಿಲ್ಲೆ ಮಾಡಿ ಇದನ್ನು ಮಾಡುತ್ತಾರೆಂದು ಪುಸ್ತಕದಲ್ಲಿತ್ತು. ಮೂರನೆಯ ಸಲ ಮಂಗಳೂರಿನಿಂದ ಮಟ್ಟುಗುಳ್ಳ ತರಿಸಿ ನೋಡಿದೆ. ಉಡುಪಿಯ ಮಟ್ಟು ಗ್ರಾಮದ ಆ ತೆಳುಸಿಪ್ಪೆಯ ಹಸಿರು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಬಂದಿದೆ, ರುಚಿಗೆ ಎಣೆಯಿಲ್ಲ. ಆದರೆ ಕಾವಲಿಯ ಮೇಲೆ ಕರಗಿ ಗೊಜ್ಜಾಯಿತು. ಗುಳ್ಳ ಹುಳಿಗೇ ಇರಲಿ ಎಂದುಕೊಂಡೆ.

ತಿಂದೆನೇ ಎಂದು ನೀವು ಕೇಳಬಹುದು. ತಿಂದೆ. ಉಪ್ಪು, ಸಿಹಿ, ಕೆಂಡದ ಕಹಿ, ಅದರಡಿಯಲ್ಲಿ ಹಳೆಯ ಭರಣಿಯ ಹುಳಿಯಂಥ ಒಂದು ಆಳ. ಇವೆಲ್ಲ ಮುಗಿದ ಮೇಲೆ ನಮ್ಮದೇ ಬದನೆ. ಬದನೆ ಮೂಲತಃ ಭಾರತ ಮತ್ತು ಆಗ್ನೇಯ ಏಷ್ಯಾದ ಕಡೆಯ ಗಿಡವೇ. ಚೀನಾದ ಮೂಲಕ ಜಪಾನಿಗೆ ಹೋಗಿ, 8ನೆಯ ಶತಮಾನದ ಹೊತ್ತಿಗೆ ಅಲ್ಲಿಯದಾಗಿತ್ತು. ನಾಲ್ಕು ದಿನ ಅಲ್ಲಿದ್ದು ಬಂದ ನೆಂಟನೆಂದು ನಾನು ದೂರ ತಳ್ಳಿದ್ದು ಸಾವಿರದ ಇನ್ನೂರು ವರ್ಷದ ಹಿಂದೆ ಈ ಕಡೆಯಿಂದಲೇ ಹೋದವನನ್ನು. ಉಪ್ಪು ಮಾತ್ರ ನನಗೆ ಹೆಚ್ಚಾಯಿತು. ಮಿಸೊವಿನಲ್ಲಿ ನೂರಕ್ಕೆ ಹನ್ನೆರಡು ಪಾಲಿನಷ್ಟು ಉಪ್ಪಿರುತ್ತದೆ. ರಕ್ತದೊತ್ತಡದವನಿಗೆ ಅದು ಸಣ್ಣದಲ್ಲ.

ಇಷ್ಟರಲ್ಲಿ ಹುಡುಗಿ ದಿನವೂ ಸಂಜೆ ಬರತೊಡಗಿದ್ದಳು. ನಮ್ಮೊಳಗೆ ಒಂದು ಒಪ್ಪಂದವಾಗಿತ್ತು. ನಾನು ಅವಳಿಗೆ ಕನ್ನಡ ಓದಿಸುವುದು, ಅವಳು ನನಗೆ ಮಲಯಾಳದ ಅಕ್ಷರ ತಿದ್ದಿಸುವುದು. ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸಿ ಎಂದು ನಾನು ಈಗಲೂ ಹೇಳುತ್ತೇನೆ, ಕೊನೆಯ ಉಸಿರಿನ ತನಕ ಹೇಳುತ್ತೇನೆ. ಆದರೆ ನಮ್ಮ ಅಕ್ಷರ ಉಳಿಯಲು ನಾನು ಹೆಂಡತಿಯ ಅಕ್ಷರ ಓದದೆ ಇರಬೇಕಾಗಿತ್ತು ಎಂಬುದಕ್ಕೆ ಈಗ ನನ್ನಲ್ಲಿ ಉತ್ತರವಿಲ್ಲ. ಅವಳು ಎರಡನ್ನೂ ಓದಿದಳು. ಅವಳ ಮಲಯಾಳವೇನೂ ಕರಗಿಹೋಗಿರಲಿಲ್ಲ.

ಎರಡು ತಿಂಗಳಲ್ಲಿ ನಿಧಾನವಾಗಿ ಕೂಡಿಸಿ ಓದಲು ಬಂತು. ಒಂದು ರಾತ್ರಿ ಪುಸ್ತಕವನ್ನು ನಾನೇ ತೆರೆದೆ. ದೆಂಗಾಕುವಿನ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ತೆಳ್ಳಗೆ ಏನೋ ಬರೆದಿತ್ತು. ಹುಡುಗಿಯ ಕಣ್ಣಿಗೆ ಬಿದ್ದಿರಲಿಲ್ಲ, ಅಥವಾ ಅಡಿಗೆಗೆ ಸಂಬಂಧವಿಲ್ಲವೆಂದು ಬಿಟ್ಟಿದ್ದಳು. ಬೆರಳಿಟ್ಟು ಕೂಡಿಸಿದೆ. ‘ಮಾಷ್‌ಕ್ಕ್ ಮಿಸೊ ಪಕುತಿ ಮತಿ.’ ಮಾಷಿಗೆ ಮಿಸೊ ಅರ್ಧ ಸಾಕು. ಅದರ ಕೆಳಗೆ, ಉಳಿದ ಅರ್ಧಕ್ಕೆ ಹುರಿದ ಎಳ್ಳಿನ ಪುಡಿ ಎಂದಿತ್ತು. ಮೊದಲು ಒಂದು ಚಮಚವೆಂದು ಬರೆದು ಹೊಡೆದು ಹಾಕಿ, ಎರಡು ಎಂದು ಬರೆದು ಅದನ್ನೂ ಹೊಡೆದು ಹಾಕಿ, ಒಂದೂವರೆಗೆ ನಿಲ್ಲಿಸಿದ್ದಳು.

ಅಂದರೆ ಆ ವಾಸನೆ ಬರುತ್ತಿದ್ದ ದಿನಗಳಲ್ಲಿ ಆಕೆ ತನಗಾಗಿ ಮಾಡಿಕೊಳ್ಳುತ್ತಿರಲಿಲ್ಲ. ನನ್ನ ಪ್ರೆಶರಿಗೆ ಹೊಂದುವ ಹದ ಹುಡುಕುತ್ತಿದ್ದಳು. ಎಂದಾದರೂ ಬಟ್ಟಲನ್ನು ಸರಿಸದ ದಿನ ಬಂದರೆ ಇರಲಿ ಎಂದು. ನನ್ನ ಹೆಸರಿಗಿಂತ ಅವಳಿಗೆ ಸುಲಭವಾಗಿದ್ದ ಮಾಷ್ ಎಂಬ ಆ ಶಬ್ದವನ್ನು ಎಷ್ಟು ಹೊತ್ತು ನೋಡುತ್ತಾ ಕೂತೆನೋ ಗೊತ್ತಿಲ್ಲ. ಓದಲು ಬಾರದಿದ್ದರೆ ಆ ಪುಸ್ತಕ ರದ್ದಿಗೆ ಹೋಗುತ್ತಿತ್ತು.

2023ರ ಡಿಸೆಂಬರಿನಲ್ಲಿ ಅವರು ಮೂವರೂ ಬಂದರು. ಕಾರಿನಿಂದ ಇಳಿದ ಅಳಿಯ ಚಪ್ಪಲಿ ಬಿಚ್ಚಿ, ಬಾಗಿ, ಬಹಳ ಶ್ರಮಪಟ್ಟು ಕಲಿತವನ ಹಾಗೆ ನನ್ನನ್ನು ನೋಡಿ, ‘ಊಟ ಕಯಿಞ್ಞಾ?’ ಎಂದ. ಅತ್ತೆ ಕಲಿಸಿದ ಕನ್ನಡ. ಅವನ ಮಟ್ಟಿಗೆ ಅದು ಶುದ್ಧ ಕನ್ನಡವೇ. ಅದೇ ರಾಗ, ಕೊನೆಗೆ ಅದೇ ಎಳೆತ. ಮಗಳು ನನ್ನ ಮುಖ ನೋಡಿದಳು, ತಿದ್ದುತ್ತಾರೋ ಎಂದು. ನಾನು ‘ಇಲ್ಲ, ನೀವು ಬಂದ ಮೇಲೆ ಎಂದು ಕಾದೆ’ ಎಂದೆ. ಮಗಳು ಅದನ್ನು ಅವನ ಭಾಷೆಗೆ ಹಾಕಿದಳು.

ಆ ರಾತ್ರಿ ನಾನೇ ಮಾಡಿ ಬಡಿಸಿದೆ. ಬಾಟಲಿಯಲ್ಲಿದ್ದ ಕೊನೆಯ ಮಿಸೊ. ಅವರಿಗೆ ಮೂರು ಚಮಚದ್ದು, ನನಗೆ ಒಂದೂವರೆಯದ್ದು. ಅಳಿಯ ಮೊದಲ ತುತ್ತು ತಿಂದು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಏನೋ ಹೇಳಿದ. ಓಲೆಬೆಲ್ಲ ಹಾಕಿದ್ದೀರಿ ಎನ್ನುತ್ತಾನೆ, ಎಂದಳು ಮಗಳು. ಅಮ್ಮ ಅಲ್ಲಿಗೂ ಒಂದು ಅಚ್ಚು ಒಯ್ದಿದ್ದರಂತೆ. ಮಿರಿನ್ ಮನೆಯಲ್ಲಿಯೇ ಇದ್ದರೂ ಅದನ್ನು ಮುಟ್ಟದೆ ಬೆಲ್ಲವನ್ನೇ ಹಾಕುತ್ತಿದ್ದರಂತೆ. ಐದು ವರ್ಷದ ಮೊಮ್ಮಗಳು ತಾಯಿಯನ್ನು ಏನೋ ಕೇಳಿ, ನನ್ನ ಕಡೆ ತಿರುಗಿ, ಬಟ್ಟಲು ತೋರಿಸಿ ‘ಬದನೆ’ ಎಂದಳು. ನಾನು ‘ನಾಸು’ ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ.

ವರ್ಷಾಂತದ ಕರ್ಮಗಳೆಲ್ಲ ನಮ್ಮ ಕ್ರಮದಂತೆ ನಡೆದವು. ಮರುದಿನ ಬೆಳಿಗ್ಗೆ ನೋಡಿದರೆ ಅಳಿಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಬದನೆಗೆ ಈರ್ಕಿಲಿನ ನಾಲ್ಕು ತುಂಡು ಚುಚ್ಚುತ್ತಿದ್ದಾನೆ. ಅವನ ಊರ ಕಡೆ ಆಗಸ್ಟಿನ ಓಬೋನ್ ಹಬ್ಬಕ್ಕೆ ಹಿರಿಯರು ಮನೆಗೆ ಬರುತ್ತಾರೆಂದು ನಂಬಿಕೆ. ಬೇಗ ಬರಲೆಂದು ಸೌತೆಕಾಯಿಯ ಕುದುರೆ, ನಿಧಾನವಾಗಿ ಹಿಂದಿರುಗಲೆಂದು ಬದನೆಯ ದನ ಮಾಡಿ ಇಡುತ್ತಾರೆ. 2018ರಲ್ಲಿ ಇದನ್ನು ನೋಡಿ ಬಂದ ಆಕೆ ಹೇಳಿದ್ದಳು. ನಾನು ‘ಮಕ್ಕಳಾಟ’ ಎಂದಿದ್ದೆ. ‘ಕುದುರೆ ಎಲ್ಲಿ ಎಂದು ಕೇಳು’ ಎಂದೆ ಮಗಳಿಗೆ. ಅಮ್ಮನಿಗೆ ಬರಲು ಕುದುರೆ ಬೇಡ, ದಾರಿ ಗೊತ್ತಿದೆ. ಹೋಗುವಾಗ ಮಾತ್ರ ಅವಸರವಾಗಬಾರದು ಎಂದು ಅವನ ಉತ್ತರ. ಆ ದನವನ್ನು ಆಕೆಯ ಫೋಟೋದ ಪಕ್ಕದ ಕಿಟಕಿದಂಡೆಯ ಮೇಲೆ ಇಟ್ಟೆವು. ಅವರು ಹೊರಟ ಮೇಲೂ ಅದು ಸುಕ್ಕುಗಟ್ಟಿಕೊಂಡು ಹತ್ತು ದಿನ ನಿಂತಿತ್ತು. ಆಮೇಲೆ ತೆಗೆದು ಬಾವಿಕಟ್ಟೆಯ ಬದನೆಗಿಡದ ಬುಡಕ್ಕೆ ಹಾಕಿದೆ.

ಹೊಸ ಮಿಸೊವಿನ ಕಟ್ಟು ಈಗ ಹಾರ್ಲಿಕ್ಸ್ ಬಾಟಲಿಯಲ್ಲಿದೆ. ತಿಂಗಳಿಗೊಮ್ಮೆ ಮಾಡುತ್ತೇನೆ, ಬೇಲಿಯಾಚೆಗೂ ಒಂದು ಬಟ್ಟಲು ಹೋಗುತ್ತದೆ. ಮೊನ್ನೆ ಆಕೆಯ ಪುಸ್ತಕ ತೆರೆದು, ಪೆನ್ಸಿಲಿನ ಆ ಸಾಲಿನ ಕೆಳಗೆ ಮಲಯಾಳದಲ್ಲಿ ‘ಉಪ್ಪು ಪಾಕಂ’ ಎಂದು ಬರೆದೆ. ಉಪ್ಪು ಹದವಾಗಿದೆ ಎಂದು. ಹುಡುಗಿ ಇಣುಕಿ ನೋಡಿ, ‘ಮಾಷೇ, ತಪ್ಪು. ಮಲಯಾಳದಲ್ಲಿ ಕೊನೆಗೆ ಉಕಾರವಿಲ್ಲ, ಚಂದ್ರಕಲ ಹಾಕಬೇಕು’ ಎಂದು ರಬ್ಬರು ಮುಂದೆ ಚಾಚಿದಳು.

‘ಇರಲಿ ಬಿಡು, ಅವಳಿಗೆ ತಿಳಿಯುತ್ತದೆ’ ಎಂದೆ.